ವಿದ್ಯಾರ್ಥಿಗಳ ಮನಃಸ್ವಾಸ್ಥ್ಯ: ವಿದ್ಯಾರ್ಥಿಗಳೇ ಮುಂದಾದಾಗ

ಮಗುವಿಗೆ ಜ್ವರ ಬಂದರೆ ಶಾಲೆಗೆ ರಜೆಯ ಚೀಟಿ ಬರೆದು ಕಳುಹಿಸಲು ಯಾವ ತಂದೆತಾಯಿಯೂ ಹಿಂಜರಿಯುವುದಿಲ್ಲ. ಅದೇ ಮಗು ಹದಿನೈದು ದಿನಗಳಿಂದ ಸರಿಯಾಗಿ ಉಣ್ಣುತ್ತಿಲ್ಲ, ನಿದ್ರಿಸುತ್ತಿಲ್ಲ, ಗೆಳೆಯರೊಡನೆ ಬೆರೆಯುತ್ತಿಲ್ಲ ಎಂದು ಬರೆದು ಕಳುಹಿಸುವ ಪಾಲಕರು ಎಷ್ಟು ಮಂದಿ? ದೇಹದ ವ್ಯಾಧಿಗೆ ಸಹಾನುಭೂತಿ, ಮನಸ್ಸಿನ ವ್ಯಾಧಿಗೆ ಮೌನ; ಇದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ರೂಢಿ. ಈ ಮೌನವನ್ನು ಮುರಿಯಲು ಇಂದು ಹಿರಿಯರಿಗಿಂತ ಮೊದಲು ಮಕ್ಕಳೇ ಮುಂದಾಗುತ್ತಿರುವುದು ಗಮನಾರ್ಹವಾದ ಸಂಗತಿ. ನಗರದ ಶಾಲೆಗಳಲ್ಲಿ ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದಂದು ಪ್ರಾರ್ಥನಾ ಸಭೆಯಲ್ಲಿ ಮಾತನಾಡುವವರು, ಭಿತ್ತಿಪತ್ರ ಬರೆಯುವವರು, ಕಿರುನಾಟಕ ಆಡುವವರು ಎಂಟನೆಯ, ಒಂಬತ್ತನೆಯ ತರಗತಿಯ ಹುಡುಗ ಹುಡುಗಿಯರು. ಪರೀಕ್ಷೆಯ ಭಯ, ಸಹಪಾಠಿಗಳ ಗೇಲಿ, ಏಕಾಂಗಿತನ, ಇವುಗಳ ಬಗ್ಗೆ ತಮ್ಮ ಓರಗೆಯವರ ಮುಂದೆ ನಿಂತು ಅವರು ಮಾತನಾಡತೊಡಗಿದ್ದಾರೆ.

ನಾನು ವಾಣಿಜ್ಯ ಪದವೀಧರ; ಬ್ಯಾಂಕಿನ ನೌಕರಿ ನನ್ನ ವೃತ್ತಿ. ವೈದ್ಯನಂತೆ ಉಪದೇಶ ಮಾಡುವ ಅಧಿಕಾರ ನನಗಿಲ್ಲ. ಆದರೆ ಹೈದರಾಬಾದಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರಲ್ಲಿ ಒಬ್ಬನಾಗಿ, ಮಕ್ಕಳ ಈ ಪ್ರಯತ್ನಕ್ಕೆ ನಾವು ಕೊಡಬೇಕಾದ ಉತ್ತರ ಏನು ಎಂಬುದನ್ನು ಓದುಗರ ಮುಂದೆ ವಿಚಾರಕ್ಕೆ ಇಡಬಯಸುತ್ತೇನೆ.

ಅಂಕಿಗಳು ಹೇಳುವ ಮಾತು

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, 13ರಿಂದ 17 ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದು ಕಂಡುಬಂದಿತು. ಗ್ರಾಮಾಂತರದಲ್ಲಿ ಈ ಪ್ರಮಾಣ ಶೇಕಡಾ 6.9 ಇದ್ದರೆ, ಮಹಾನಗರಗಳಲ್ಲಿ ಶೇಕಡಾ 13.5. ಅಂದರೆ ಹಳ್ಳಿಯ ಮಗುವಿಗಿಂತ ಮಹಾನಗರದ ಮಗುವಿನ ಮನಸ್ಸು ಸುಮಾರು ಎರಡು ಪಟ್ಟು ಹೆಚ್ಚು ಅಪಾಯದಲ್ಲಿದೆ. ಮಕ್ಕಳ ಭವಿಷ್ಯಕ್ಕಾಗಿಯೇ ಊರು ಬಿಟ್ಟು ಬಂದೆವೆಂದು ಹೇಳಿಕೊಳ್ಳುವ ನಾವು ಈ ಎರಡು ಸಂಖ್ಯೆಗಳನ್ನು ಒಮ್ಮೆ ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯು 2022ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಆರರಿಂದ ಹನ್ನೆರಡನೆಯ ತರಗತಿಯವರೆಗಿನ ಮೂರೂವರೆ ಲಕ್ಷಕ್ಕೂ ಮೀರಿದ ವಿದ್ಯಾರ್ಥಿಗಳು ಪಾಲ್ಗೊಂಡಿದ್ದರು. ತಮ್ಮ ಆತಂಕಕ್ಕೆ ಓದು, ಪರೀಕ್ಷೆ, ಫಲಿತಾಂಶಗಳೇ ಕಾರಣವೆಂದು ಅವರಲ್ಲಿ ಶೇಕಡಾ 81ರಷ್ಟು ಮಂದಿ ತಿಳಿಸಿದರು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳ ಸಂಖ್ಯೆ 13,044.

ನಾವು ವಾಸಿಸುವ ರಾಜ್ಯದಲ್ಲಿಯೇ ನಡೆದ ಒಂದು ಪ್ರಸಂಗವನ್ನು ಮರೆಯಲಾಗದು. 2019ರ ಏಪ್ರಿಲ್ 18ರಂದು ತೆಲಂಗಾಣದ ಇಂಟರ್‌ಮೀಡಿಯೆಟ್ ಫಲಿತಾಂಶ ಪ್ರಕಟವಾಯಿತು. ಅಂಕಗಳ ದಾಖಲಾತಿಯಲ್ಲಿ ತಪ್ಪುಗಳು ನುಸುಳಿದ್ದವು. ತೆಲುಗು ಪತ್ರಿಕೆಯಲ್ಲಿ ಸೊನ್ನೆ ಪಡೆದಳೆಂದು ದಾಖಲಾಗಿದ್ದ ಒಬ್ಬ ವಿದ್ಯಾರ್ಥಿನಿಗೆ ವಾಸ್ತವವಾಗಿ ಬಂದಿದ್ದ ಅಂಕ 99. ಅನುತ್ತೀರ್ಣರಾದವರೆಲ್ಲರ ಉತ್ತರ ಪತ್ರಿಕೆಗಳನ್ನು ಸರ್ಕಾರ ಶುಲ್ಕವಿಲ್ಲದೆ ಮತ್ತೊಮ್ಮೆ ಪರಿಶೀಲಿಸಿದಾಗ ಸಾವಿರಕ್ಕೂ ಹೆಚ್ಚು ಮಂದಿ ಉತ್ತೀರ್ಣರೆಂದು ತಿಳಿದುಬಂದಿತು. ಅಷ್ಟರೊಳಗೆ ಇಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡಿದ್ದರು. ಯಾವ ಸಾವಿಗೂ ಒಂದೇ ಕಾರಣವನ್ನು ಹೊರಿಸುವುದು ವಿಹಿತವಲ್ಲವೆಂದು ತಜ್ಞರು ಹೇಳುತ್ತಾರೆ. ಆ ಮಾತು ನಿಜ. ಆದರೂ ಲೆಕ್ಕಪತ್ರಗಳ ನಡುವೆ ಬದುಕುವ ನನ್ನಂಥವನಿಗೆ ಒಂದು ಪ್ರಶ್ನೆ ಕಾಡುತ್ತದೆ. ಲೆಕ್ಕದ ತಪ್ಪನ್ನು ಮರುದಿನ ತಿದ್ದಬಹುದು. ಅಂಕಪಟ್ಟಿಯ ಒಂದು ಸಂಖ್ಯೆ ತನ್ನ ಬದುಕಿಗಿಂತ ದೊಡ್ಡದೆಂಬ ಭಾವನೆಯನ್ನು ಮಗುವಿನ ಮನಸ್ಸಿನಲ್ಲಿ ಬಿತ್ತಿದವರಾರು?

ವಲಸೆ ಬಂದ ಮನೆಯ ಮಗು

ಹೈದರಾಬಾದು ಕನ್ನಡಿಗರಿಗೆ ಹೊಸ ಊರೇನೂ ಅಲ್ಲ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದು ರಾಜ್ಯದ ಭಾಗಗಳೇ ಆಗಿದ್ದವು. ಅಲ್ಲಿಯ ಹುಡುಗರು ಉಚ್ಚ ಶಿಕ್ಷಣಕ್ಕೆಂದು ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಬರುತ್ತಿದ್ದರು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಇಲ್ಲಿಯ ಕನ್ನಡ ಬದುಕಿನ ಗುರುತುಗಳು. ಆದರೆ ಇಂದು ನಮ್ಮಲ್ಲಿ ಬಹುಮಂದಿ ವರ್ಗಾವಣೆಯ ಆದೇಶ ಹಿಡಿದು ಬಂದ ಸರ್ಕಾರಿ ಹಾಗೂ ಬ್ಯಾಂಕ್ ನೌಕರರು, ಇಲ್ಲವೆ ಮಾಧಾಪುರ, ಗಚ್ಚಿಬೌಲಿಯ ಕಡೆಗಳಲ್ಲಿ ಕೆಲಸ ಮಾಡುವ ತಂತ್ರಜ್ಞರು. ವರ್ಗಾವಣೆಯಾದಾಗ ನಮಗೆ ಬದಲಾಗುವುದು ಕಚೇರಿಯ ಕುರ್ಚಿ. ಮಗುವಿಗೆ ಬದಲಾಗುವುದು ಗೆಳೆಯರು, ಆಟದ ಬಯಲು, ಶಾಲೆ, ಬೀದಿಯ ಭಾಷೆ, ಎಲ್ಲವೂ. 2018ರ ಕಾಯಿದೆಯ ನಂತರ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯ ವಿಷಯವಾಗಿದೆ. ನೆಲದ ಭಾಷೆಯನ್ನು ಕಲಿಯುವುದು ಯೋಗ್ಯವೇ. ಲಿಪಿಯ ಸಾಮ್ಯದಿಂದ ಕನ್ನಡದ ಮಕ್ಕಳಿಗೆ ಅದು ಸುಲಭವೂ ಹೌದು. ಆದರೆ ಏಳನೆಯ ತರಗತಿಯಲ್ಲಿ ಹೊಸದಾಗಿ ಬಂದು ಸೇರಿದ ಹುಡುಗಿ, ಉಚ್ಚಾರ ತಪ್ಪಿದಾಗಲೆಲ್ಲ ಹಿಂದಿನ ಬೆಂಚಿನಿಂದ ಕೇಳಿಬರುವ ನಗೆಯನ್ನು ಯಾರಲ್ಲಿ ಹೇಳಿಕೊಳ್ಳಬೇಕು?

ಊರಿನಲ್ಲಿ ಹೇಳಿಕೊಳ್ಳಲು ಅಜ್ಜಿ ಇದ್ದಳು, ಸೋದರಮಾವನಿದ್ದನು, ಪಕ್ಕದ ಮನೆಯ ಅಕ್ಕ ಇದ್ದಳು. ತಂದೆಗೆ ಹೇಳಲಾಗದ ಮಾತನ್ನು ಚಿಕ್ಕಪ್ಪನ ಕಿವಿಗೆ ಹಾಕಿದರೆ ಅದು ಹೇಗೋ ತಲಪಬೇಕಾದಲ್ಲಿಗೆ ತಲಪುತ್ತಿತ್ತು. ಇಲ್ಲಿಯ ಎರಡು ಕೋಣೆಗಳ ಮನೆಯಲ್ಲಿ ಅಂತಹ ಮಧ್ಯಸ್ಥರಿಲ್ಲ. ತಂದೆ ರಾತ್ರಿ ಎಂಟಕ್ಕೆ ಮನೆ ಸೇರುತ್ತಾನೆ. ಎಷ್ಟೋ ಮನೆಗಳಲ್ಲಿ ತಾಯಿಯೂ ದುಡಿಯುತ್ತಾಳೆ. ಊಟದ ಹೊತ್ತಿನ ಸಂಭಾಷಣೆ ‘ಟೆಸ್ಟಿನಲ್ಲಿ ಎಷ್ಟು ಬಂತು?’ ಎಂಬ ಒಂದೇ ಪ್ರಶ್ನೆಯಲ್ಲಿ ಮುಗಿಯುತ್ತದೆ.

ಇದರೊಡನೆ ಭಾಷೆಯ ತೊಡಕೂ ಇದೆ. ಕನ್ನಡದ ಮಗು ತನ್ನ ಸಂಕಟಕ್ಕೆ ಬಳಸುವ ಮಾತು ಸಾಮಾನ್ಯವಾಗಿ ‘ಬೇಜಾರು’ ಎಂಬುದು. ಹೊತ್ತು ಹೋಗದಿದ್ದರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು, ಬದುಕೇ ಭಾರವೆನಿಸಿದರೂ ಬೇಜಾರು. ಮಗು ಮೂರನೆಯ ಅರ್ಥದಲ್ಲಿ ಹೇಳಿದ್ದನ್ನು ನಾವು ಮೊದಲನೆಯ ಅರ್ಥದಲ್ಲಿ ಕೇಳಿ, ‘ಬೇಜಾರಾದರೆ ಪುಸ್ತಕ ಓದು’ ಎಂದು ಬುದ್ಧಿ ಹೇಳಿ ಮುಗಿಸುತ್ತೇವೆ. ‘ಯಾವ ಬೇಜಾರು, ಎಂದಿನಿಂದ?’ ಎಂದು ಇನ್ನೊಂದು ಪ್ರಶ್ನೆ ಕೇಳುವಷ್ಟು ವ್ಯವಧಾನ ನಮಗಿದ್ದರೆ ಎಷ್ಟೋ ಸಂಗತಿಗಳು ಸಕಾಲದಲ್ಲಿ ಬೆಳಕಿಗೆ ಬರುತ್ತವೆ.

ಮಕ್ಕಳಿಂದಲೇ ಏಕೆ?

ಹದಿಹರೆಯದ ಮಗು ತನ್ನ ದುಗುಡವನ್ನು ಬಹುತೇಕ ಮೊದಲು ಹೇಳಿಕೊಳ್ಳುವುದು ಓರಗೆಯವರಲ್ಲಿ. ಆದುದರಿಂದ ಆ ಓರಗೆಯವರಿಗೇ ತಿಳಿವಳಿಕೆ ಇರುವುದು ಅತ್ಯವಶ್ಯ. ಇದಕ್ಕೆ ಪ್ರಯೋಗಗಳ ಆಧಾರವೂ ಉಂಟು. ಯೂರೋಪಿನ 10 ದೇಶಗಳ 168 ಶಾಲೆಗಳಲ್ಲಿ, 11,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ನಡೆದ ಒಂದು ದೊಡ್ಡ ಅಧ್ಯಯನದ ಫಲಿತಾಂಶ 2015ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ ಮೂರು ವಿಧಾನಗಳನ್ನು ಹೋಲಿಸಿ ನೋಡಲಾಗಿತ್ತು: ಶಿಕ್ಷಕರಿಗೆ ತರಬೇತಿ ಕೊಡುವುದು, ತಜ್ಞರಿಂದ ಮಕ್ಕಳ ತಪಾಸಣೆ ಮಾಡಿಸುವುದು, ಹಾಗೂ ತರಬೇತಿ ಪಡೆದ ಮಾರ್ಗದರ್ಶಿಯ ಸಮಕ್ಷಮದಲ್ಲಿ ಮಕ್ಕಳೇ ಪಾತ್ರಾಭಿನಯ ಮಾಡಿ ತಮ್ಮ ಕಷ್ಟಗಳನ್ನು ಚರ್ಚಿಸುವುದು. ಒಂದು ವರ್ಷದ ತರುವಾಯ ನೋಡಿದಾಗ, ಆತ್ಮಹತ್ಯೆಯ ಯತ್ನಗಳನ್ನು ಗಣನೀಯವಾಗಿ ತಗ್ಗಿಸಿದ್ದು ಮೂರನೆಯ ವಿಧಾನ ಮಾತ್ರ. ಅಂತಹ ಯತ್ನ ಮಾಡಿದವರು ಸಾಮಾನ್ಯ ಶಾಲೆಗಳಲ್ಲಿ ಶೇಕಡಾ 1.51, ಈ ಶಾಲೆಗಳಲ್ಲಿ ಶೇಕಡಾ 0.70.

ನಮ್ಮ ದೇಶದ ಅನುಭವವೂ ಇದಕ್ಕೆ ವಿರುದ್ಧವಾಗಿಲ್ಲ. ಬಿಹಾರದ ನಾಲಂದಾ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಗೋಡೆಪತ್ರಿಕೆ, ಮಕ್ಕಳು ತಮ್ಮ ಮನದ ಮಾತನ್ನು ಬರೆದು ಹಾಕುವ ಪೆಟ್ಟಿಗೆ, ವಿದ್ಯಾರ್ಥಿಗಳ ಚರ್ಚಾಗುಂಪು, ಇಂತಹ ಸರಳ ಸಾಧನಗಳನ್ನೇ ಬಳಸಲಾಗಿತ್ತು. ಇದಕ್ಕೆಂದೇ ನೇಮಕಗೊಂಡ ಒಬ್ಬ ಕಾರ್ಯಕರ್ತ ಇದ್ದ ಶಾಲೆಗಳಲ್ಲಿ ಖಿನ್ನತೆ, ಪೀಡನೆ ಕಡಿಮೆಯಾದವು. ಶಾಲೆಯ ವಾತಾವರಣ ಸುಧಾರಿಸಿತು. ಅದೇ ಕಾರ್ಯವನ್ನು ಶಿಕ್ಷಕರ ಹೆಗಲಿಗೆ ಹೆಚ್ಚುವರಿಯಾಗಿ ಹೊರಿಸಿದ ಶಾಲೆಗಳಲ್ಲಿ ಆ ಪರಿಣಾಮ ಕಾಣಲಿಲ್ಲ. ಕರ್ನಾಟಕದಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ನಿಮ್ಹಾನ್ಸ್ ಸಹಯೋಗದಿಂದ ನಡೆಸಿದ ‘ಯುವ ಸ್ಪಂದನ’ ಯೋಜನೆಯೂ ಇದೇ ತತ್ತ್ವವನ್ನು ಅನುಸರಿಸಿತು. ಅಲ್ಲಿ ‘ಯುವ ಪರಿವರ್ತಕ’ರೆಂಬ ಹೆಸರಿನಿಂದ ಯುವಜನರನ್ನು ಮಾತನಾಡಿಸಲು ಹೋದವರು ತರಬೇತಿ ಪಡೆದ ಯುವಕ ಯುವತಿಯರೇ. ಕೇಂದ್ರ ಸರ್ಕಾರವು 2020ರಲ್ಲಿ ಆರಂಭಿಸಿದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ಆರೋಗ್ಯ ರಾಯಭಾರಿಗಳೆಂಬ ಹೊಣೆಯನ್ನೂ, ತರಗತಿಯ ಮುಖಂಡರಿಗೆ ಆರೋಗ್ಯ ಸಂದೇಶವಾಹಕರೆಂಬ ಸ್ಥಾನವನ್ನೂ ಕೊಡಲಾಗಿದೆ.

ಹೆಗಲಿನ ಅಳತೆ ಮೀರಬಾರದು

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಮಕ್ಕಳು ಉತ್ಸಾಹದಿಂದ ಮುಂದೆ ಬಂದಿದ್ದಾರೆಂದು ಹಿರಿಯರು ಹಿಂದೆ ಸರಿದರೆ ಅದಕ್ಕಿಂತ ದೊಡ್ಡ ಅನ್ಯಾಯ ಮತ್ತೊಂದಿಲ್ಲ. ಹದಿನಾಲ್ಕು ವರ್ಷದ ಹುಡುಗಿ ತನ್ನ ಗೆಳತಿಯ ಮಾತನ್ನು ತಾಳ್ಮೆಯಿಂದ ಕೇಳಬಲ್ಲಳು, ಆಕೆ ವೈದ್ಯಳಾಗಲಾರಳು. ‘ಬದುಕಲು ಇಷ್ಟವಿಲ್ಲ’ ಎಂಬ ಮಾತನ್ನು ಕೇಳಿಸಿಕೊಂಡು, ಅದನ್ನು ಗುಟ್ಟಾಗಿಡುವೆನೆಂದು ಆಣೆ ಮಾಡಿ, ರಾತ್ರಿಯೆಲ್ಲ ಎದೆಯಲ್ಲಿ ಹೊತ್ತು ಮಲಗುವ ಪರಿಸ್ಥಿತಿ ಯಾವ ಮಗುವಿಗೂ ಬರಕೂಡದು. ಆದ್ದರಿಂದ ಇಂತಹ ವಿದ್ಯಾರ್ಥಿಕೂಟಗಳಿಗೆ ಮೊದಲ ದಿನವೇ ಕಲಿಸಬೇಕಾದ ನಿಯಮ ಇದು: ಕೇಳು, ಗೇಲಿ ಮಾಡಬೇಡ, ಒಬ್ಬರನ್ನೇ ಬಿಟ್ಟು ಹೋಗಬೇಡ, ಪ್ರಾಣಾಪಾಯದ ಸುಳಿವು ಸಿಕ್ಕರೆ ಗುಟ್ಟು ಮುರಿದು, ನಂಬಿಕೆಯ ಹಿರಿಯರಿಗೆ ಆ ಗಳಿಗೆಯಲ್ಲೇ ತಿಳಿಸು.

ಆ ಹಿರಿಯರು ಯಾರು? ಪ್ರಶ್ನೆ ಇರುವುದು ಇಲ್ಲಿಯೇ. ನಮ್ಮ ಬ್ಯಾಂಕುಗಳಲ್ಲಿ ಸಾಲದ ಕಂತು 90 ದಿನ ಮೀರಿ ನಿಂತರೆ ಅದನ್ನು ಅನುತ್ಪಾದಕ ಖಾತೆಯೆಂದು ವರ್ಗೀಕರಿಸುತ್ತೇವೆ. ಆದರೆ ಅಲ್ಲಿಯವರೆಗೆ ಕೈಕಟ್ಟಿ ಕೂಡುವುದಿಲ್ಲ. 30 ದಿನದೊಳಗೆ ಒಂದು ಹಂತ, 60 ದಿನಕ್ಕೆ ಇನ್ನೊಂದು ಹಂತವೆಂದು ಗುರುತು ಮಾಡಿ, ಸಾಲಗಾರನನ್ನು ಕಂಡು ಮಾತನಾಡುತ್ತೇವೆ. ಹಣದ ವಿಷಯದಲ್ಲಿ ಇಷ್ಟು ಜಾಗರೂಕತೆ ಸಾಧ್ಯವಾದರೆ ಮಕ್ಕಳ ವಿಷಯದಲ್ಲಿ ಏಕೆ ಸಾಧ್ಯವಿಲ್ಲ? ಎರಡು ವಾರ ಮೀರಿದ ಮಂಕು, ನಿದ್ರೆ ಹಸಿವುಗಳಲ್ಲಿ ವ್ಯತ್ಯಾಸ, ಪ್ರಿಯವಾದ ಆಟಪಾಠಗಳಲ್ಲಿ ನಿರಾಸಕ್ತಿ, ಪದೇ ಪದೇ ತಲೆನೋವು ಹೊಟ್ಟೆನೋವಿನ ದೂರು, ತನ್ನ ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ತಾನು ಯಾರಿಗೂ ಬೇಡವೆಂಬ ಮಾತು, ಇವೆಲ್ಲ ಅಂತಹ ಗುರುತುಗಳು. ಇವನ್ನು ಕಂಡಾಗ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣುವುದು, ಜ್ವರಕ್ಕೆ ವೈದ್ಯರನ್ನು ಕಂಡಷ್ಟೇ ಸಹಜವಾಗಬೇಕು.

ಶಾಲೆಗಳೂ ಈ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ವಿಶಾಖಪಟ್ಟಣದಲ್ಲಿ 2023ರಲ್ಲಿ ತೀರಿಕೊಂಡ, ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಓದುತ್ತಿದ್ದ ಹದಿನೇಳರ ಹುಡುಗಿಯ ತಂದೆ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ಜುಲೈ 25ರಂದು ದೇಶದ ಶಿಕ್ಷಣ ಸಂಸ್ಥೆಗಳಿಗೆಲ್ಲ ಅನ್ವಯಿಸುವ 15 ಮಾರ್ಗಸೂಚಿಗಳನ್ನು ನೀಡಿತು. ಅದರಂತೆ 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹತೆಯುಳ್ಳ ಆಪ್ತಸಮಾಲೋಚಕರೊಬ್ಬರಾದರೂ ಇರಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿ ತರಬೇತಿ ನಡೆಯಬೇಕು. ಅಂಕಗಳ ಆಧಾರದ ಮೇಲೆ ಮಕ್ಕಳನ್ನು ಬೇರೆ ಬೇರೆ ತಂಡಗಳಾಗಿ ವಿಂಗಡಿಸುವುದಾಗಲಿ, ಎಲ್ಲರೆದುರು ಅವಮಾನಿಸುವುದಾಗಲಿ ಕೂಡದು. ಪಾಲಕರ ಸಭೆಯಲ್ಲಿ ‘ನಿಮ್ಮ ಶಾಲೆಯ ಆಪ್ತಸಮಾಲೋಚಕರು ಯಾರು? ವಾರದಲ್ಲಿ ಎಷ್ಟು ದಿನ ಬರುತ್ತಾರೆ?’ ಎಂದು ಕೇಳುವುದು ಈಗ ನಮ್ಮ ಹಕ್ಕು. ಶುಲ್ಕ ಏರಿದಾಗ ಒಕ್ಕೊರಲಿನಿಂದ ದನಿಯೆತ್ತುವ ನಾವು ಈ ಪ್ರಶ್ನೆಯನ್ನೂ ಒಕ್ಕೊರಲಿನಿಂದ ಕೇಳಬೇಕು.

ಕೆಲವು ಆಕ್ಷೇಪಗಳು

ಇಂತಹ ವಿಷಯಗಳನ್ನು ಮಾತನಾಡಿದರೆ ಮಕ್ಕಳ ತಲೆಯಲ್ಲಿ ಇಲ್ಲದ ಯೋಚನೆಗಳು ಹೊಕ್ಕುತ್ತವೆ ಎಂಬ ಭಯ ಅನೇಕರಿಗಿದೆ. ಕಾಳಜಿಯಿಂದ ನೇರವಾಗಿ ವಿಚಾರಿಸುವುದರಿಂದ ಅಪಾಯ ಹೆಚ್ಚುವುದಿಲ್ಲವೆಂದು ಸಂಶೋಧನೆಗಳು ತಿಳಿಸಿವೆ. ಅಪಾಯವಿರುವುದು ರೋಚಕವಾಗಿ, ವಿವರ ವಿವರವಾಗಿ ಸುದ್ದಿ ಹಬ್ಬಿಸುವುದರಲ್ಲಿ.

‘ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ನಾವು ಏಟು ತಿಂದೇ ಓದಿದೆವು’ ಎಂಬುದು ಎರಡನೆಯ ಆಕ್ಷೇಪ. ಆ ಕಾಲದಲ್ಲೂ ಇತ್ತು; ಹೆಸರು ಬೇರೆ ಇತ್ತು. ಧಾರವಾಡದ ಕಡೆಯವರು ‘ಧಾರವಾಡಕ್ಕೆ ಕಳಿಸಬೇಕು ಇವನನ್ನ’ ಎಂದು ಹಾಸ್ಯ ಮಾಡುತ್ತಿದ್ದರು, ಬೆಂಗಳೂರಿನವರು ನಿಮ್ಹಾನ್ಸ್ ಹೆಸರನ್ನು ಎತ್ತುತ್ತಿದ್ದರು, ಇಲ್ಲಿಯವರಿಗೆ ಎರ್ರಗಡ್ಡ. ರೋಗಿಗಳನ್ನು ಗುಣಪಡಿಸುವ ಆಸ್ಪತ್ರೆಗಳ ಹೆಸರುಗಳೇ ಬೈಗುಳಗಳಾದ ಸಮಾಜದಲ್ಲಿ ಯಾರು ತಾನೇ ಬಾಯಿ ಬಿಟ್ಟು ಹೇಳಿಕೊಂಡಾರು? ಆಟದ ಬಯಲಿನಲ್ಲಿ ಆ ಬೈಗುಳ ಕೇಳಿಬಂದಾಗ ‘ಹಾಗೆ ಅನ್ನಬಾರದು’ ಎಂದು ತಡೆಯುವ ಒಬ್ಬ ಸಹಪಾಠಿ ಮಾಡುವ ಕೆಲಸವನ್ನು ಹತ್ತು ಭಾಷಣಗಳು ಮಾಡಲಾರವು.

ಓದುವ ಹೊತ್ತು ಹಾಳಾಗುತ್ತದೆ ಎಂಬುದು ಮೂರನೆಯದು. ವಾರಕ್ಕೊಂದು ಗಂಟೆಯ ಮಾತುಕತೆಯಿಂದ ಕೆಡುವ ಓದಿಗಿಂತ, ನಿದ್ರೆಗೆಟ್ಟ ಮನಸ್ಸಿನಿಂದ ಕೆಡುವ ಓದು ಹೆಚ್ಚು. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ನಮ್ಮ ಸಂಘಗಳು ಮಾಡಬಹುದಾದುದು

ಕನ್ನಡ ಸಂಘಗಳು ರಾಜ್ಯೋತ್ಸವ, ಯುಗಾದಿ, ನಾಟಕ, ಸಂಗೀತಗಳಿಂದ ನಮ್ಮನ್ನು ಒಂದುಗೂಡಿಸುತ್ತಾ ಬಂದಿವೆ. ಊರಿನಲ್ಲಿ ಬಿಟ್ಟುಬಂದ ಅಜ್ಜಿ, ಚಿಕ್ಕಪ್ಪಂದಿರ ಸ್ಥಾನವನ್ನು ತುಂಬಬಲ್ಲ ಹಿರಿಯರು ನಮಗೆ ಇನ್ನೆಲ್ಲಿ ಸಿಕ್ಕಾರು? ನಿವೃತ್ತ ಶಿಕ್ಷಕರು, ವೈದ್ಯರು ನಮ್ಮ ಸದಸ್ಯರಲ್ಲಿ ಇದ್ದಾರೆ. ಅವರಲ್ಲಿ ಕೆಲವರಿಗೆ ತಜ್ಞರಿಂದ ತರಬೇತಿ ಕೊಡಿಸಿ, ತಿಂಗಳಿಗೊಂದು ಭಾನುವಾರ ಮಕ್ಕಳೇ ವಿಷಯ ಆರಿಸಿ, ಮಕ್ಕಳೇ ನಡೆಸುವ ಮಾತುಕತೆಯನ್ನು ಕನ್ನಡದಲ್ಲಿ ಏರ್ಪಡಿಸಬಹುದು. ಶಾಲೆಯ ವೇದಿಕೆಯಲ್ಲಿ ಇಂಗ್ಲಿಷಿನಲ್ಲಿ ಧೈರ್ಯವಾಗಿ ಮಾತನಾಡಿದ ಮಗುವಿಗೆ ಅದೇ ಮಾತನ್ನು ಮನೆಯ ಭಾಷೆಯಲ್ಲಿ, ತನ್ನ ತಂದೆತಾಯಿಯ ವಯಸ್ಸಿನವರ ಮುಂದೆ ಹೇಳುವ ಅವಕಾಶ ಅಲ್ಲಿ ದೊರೆಯುತ್ತದೆ. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಹದಿನೈದು ನಿಮಿಷದ ಒಂದು ಕಿರುನಾಟಕಕ್ಕೆ ಅವರಿಗೆ ಜಾಗ ಕೊಡೋಣ.

ಪ್ರತಿಭಾ ಪುರಸ್ಕಾರದ ಬಗೆಗೂ ಒಂದು ಮಾತು. ಶೇಕಡಾ 90ರ ಮೇಲೆ ಅಂಕ ಪಡೆದವರ ಭಾವಚಿತ್ರಗಳನ್ನು ಸ್ಮರಣ ಸಂಚಿಕೆಗಳಲ್ಲಿ ಅಚ್ಚು ಹಾಕಿಸುವುದು ನಮ್ಮಂಥ ಸಂಘಗಳ ಪದ್ಧತಿ. ಅದು ಸಂತೋಷದ ವಿಷಯವೇ. ಆದರೆ ಆ ಪುಟವನ್ನು ಶೇಕಡಾ 60 ಪಡೆದ ಮಗುವೂ ತಿರುವಿ ನೋಡುತ್ತದೆ. ತನ್ನ ಹೆಸರು ಯಾವ ಪುಟದಲ್ಲಿದೆಯೆಂದು ಹುಡುಕುತ್ತದೆ. ಓರಗೆಯವರಿಗೆ ನೆರವಾದ, ಹೊಸದಾಗಿ ಬಂದವರನ್ನು ಆಟಕ್ಕೆ ಸೇರಿಸಿಕೊಂಡ, ಸೋತು ಮತ್ತೆ ಪರೀಕ್ಷೆಗೆ ಕುಳಿತ ಮಕ್ಕಳಿಗೂ ವೇದಿಕೆಯ ಮೇಲೆ ಒಂದು ಹಾರ ಇರಲಿ.

ಇನ್ನು ಪ್ರತಿಯೊಂದು ಮನೆಯವರೂ ಬರೆದಿಟ್ಟುಕೊಳ್ಳಬೇಕಾದ ಸಂಖ್ಯೆ 14416. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ-ಮಾನಸ್’ ಎಂಬ ಸರ್ಕಾರಿ ದೂರವಾಣಿ ಸೇವೆ. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲಿರುಳೂ ಉಚಿತ. ಸೇವೆ ದೊರೆಯುವ ಭಾಷೆಗಳಲ್ಲಿ ತೆಲುಗಿನೊಡನೆ ಕನ್ನಡವೂ ಸೇರಿದೆ. ಸಂಕಟಪಡುವ ಮಗು ಮಾತ್ರವಲ್ಲ, ಆ ಮಗುವಿನ ಗೆಳೆಯರಾಗಲಿ ಪಾಲಕರಾಗಲಿ ಕೂಡ ಕರೆ ಮಾಡಬಹುದು. ಗ್ಯಾಸಿನ ಏಜೆನ್ಸಿಯ ಸಂಖ್ಯೆ, ಲಿಫ್ಟು ದುರಸ್ತಿಯವನ ಸಂಖ್ಯೆ ಬರೆದಿಟ್ಟ ಕಡೆಯಲ್ಲಿ ಇದನ್ನೂ ಮಕ್ಕಳ ಕಣ್ಣಿಗೆ ಬೀಳುವಂತೆ ಬರೆದಿಡಬೇಕು. ಪ್ರಾಣಾಪಾಯದ ಸುಳಿವಿದ್ದರೆ ಮಗುವನ್ನು ಒಂಟಿಯಾಗಿ ಬಿಡದೆ ಕೂಡಲೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು. ಹಣದ ಅಳುಕಿರುವವರು ಇನ್ನೊಂದನ್ನು ತಿಳಿದಿರಲಿ: 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ ಪ್ರಕಾರ ವಿಮಾ ಕಂಪನಿಗಳು ದೈಹಿಕ ರೋಗಕ್ಕೆ ಕೊಡುವ ಆಧಾರದ ಮೇಲೆಯೇ ಮಾನಸಿಕ ರೋಗದ ಚಿಕಿತ್ಸೆಗೂ ವಿಮೆ ಒದಗಿಸಬೇಕು. ತಮ್ಮ ಪಾಲಿಸಿಯ ನಿಬಂಧನೆಗಳನ್ನು ಒಮ್ಮೆ ತೆಗೆದು ನೋಡುವುದು ಒಳ್ಳೆಯದು.

ಮಕ್ಕಳು ನಮ್ಮಿಂದ ಕೇಳುತ್ತಿರುವುದು ಹೆಚ್ಚಿನದೇನೂ ಅಲ್ಲ. ತಾವು ತಮ್ಮತಮ್ಮಲ್ಲಿ ಆಡತೊಡಗಿರುವ ಮಾತನ್ನು ಮುಂದುವರಿಸಲು ಶಾಲೆಯಲ್ಲಿ ಒಬ್ಬ ತಜ್ಞರು, ಮನೆಯಲ್ಲಿ ಕೇಳುವ ಒಂದು ಜೊತೆ ಕಿವಿ, ಸಮಾಜದಲ್ಲಿ ಗೇಲಿಯಿಲ್ಲದ ವಾತಾವರಣ. ಅವರು ತಮ್ಮ ಪಾಲಿನ ಕೆಲಸವನ್ನು ಪ್ರಾರಂಭಿಸಿಯಾಗಿದೆ. ಮುಂಬರುವ ಅಕ್ಟೋಬರ್ 10ರಂದು ತಮ್ಮ ಮಕ್ಕಳ ಶಾಲೆಯ ಕಾರ್ಯಕ್ರಮಕ್ಕೆ ಅರ್ಧ ದಿನದ ರಜೆ ಹಾಕಿ ಹೋಗಿ, ಹಿಂದಿನ ಸಾಲಿನಲ್ಲಿ ಕುಳಿತು, ಅವರು ಏನು ಹೇಳುತ್ತಿದ್ದಾರೆಂಬುದನ್ನು ಕೊನೆಯವರೆಗೆ ಕೇಳಿ ಬರಬೇಕೆಂದು ಸಂಘದ ಬಂಧುಗಳಲ್ಲಿ ನನ್ನ ವಿನಮ್ರ ವಿನಂತಿ.